ಕತ್ತರಿಯನ್ನು ಯಾರ ಕೈಗೆ ಕೊಡುತ್ತಿದ್ದೇವೆ?

ಜುಮಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುತ್ತಿದ್ದಾಗ ಹಿರಿಯ ಪರಿಚಿತರೊಬ್ಬರು ನನ್ನ ಕೈಗೊಂದು ಮನವಿಪತ್ರವಿತ್ತು ಸಹಿ ಹಾಕುವಂತೆ ಹೇಳಿದರು. ಶಿರಸಿಯ ಸಹಾಯಕ ಆಯುಕ್ತರಿಗೆ ಸಲ್ಲಿಸಲಿರುವ ಮನವಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಸಹಿ ಸಂಗ್ರಹ ನಡೆದಿದೆಯೆಂದು ಅವರು ಹೆಮ್ಮೆಯಿಂದ ತಿಳಿಸಿದರು. ಬೇಡಿಕೆ ಎರಡು. ಮುಸ್ಲಿಮರನ್ನು ನಿತ್ಯವೂ ನಿಂದಿಸುವ ಸುದ್ದಿವಾಹಿನಿಗಳನ್ನು ಕೇಬಲ್‌ನಿಂದ ತೆಗೆಯಬೇಕು. ಕುಟುಂಬದ ಮರ್ಯಾದೆ ಕೆಡಿಸುವ ಧಾರಾವಾಹಿಗಳನ್ನೂ ರಿಯಾಲಿಟಿ ಶೋಗಳನ್ನೂ ನಿಲ್ಲಿಸಬೇಕು. “ಸಹಿ ಹಾಕಿ ಭಾಯಿ, ಇದೂ ದೀನಿನ ಕೆಲಸವೇ” ಎಂದರು. ನಾನು ಕಾಗದವನ್ನು ಮಡಚಿ ಅವರಿಗೇ ಹಿಂದಿರುಗಿಸಿದೆ. ಅವರ ಮುಖ ಬಾಡಿತು. ಅಂದು ಗೇಟಿನ ಬಳಿ ನಿಂತು ವಿವರಿಸಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಿಗಾಗಿ ಮಾತ್ರವಲ್ಲ, ಅವರಂತೆಯೇ ನೊಂದಿರುವ ಎಲ್ಲರಿಗಾಗಿ.

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಅವರ ನೋವು ಸುಳ್ಳಲ್ಲ. 2020ರ ಮಾರ್ಚ್-ಎಪ್ರಿಲ್ ತಿಂಗಳುಗಳಲ್ಲಿ ತಬ್ಲೀಗ್ ಜಮಾಅತಿನ ಹೆಸರಿನಲ್ಲಿ ಕನ್ನಡದ ಸುದ್ದಿವಾಹಿನಿಗಳು ಎಬ್ಬಿಸಿದ ಗದ್ದಲವನ್ನು ಮರೆಯುವುದು ಹೇಗೆ? ಒಂದು ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟು ಹಗಲೂ ರಾತ್ರಿ ಕೂಗಲಾಯಿತು. ಅದರ ಫಲವನ್ನು ಉಂಡವರು ಸ್ಟುಡಿಯೋದಲ್ಲಿ ಕುಳಿತವರಲ್ಲ. ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದ ಬಡವರು. ರಾಜ್ಯದ ಅನೇಕ ಊರುಗಳಲ್ಲಿ ಅವರನ್ನು ಬೀದಿಯೊಳಗೆ ಬರಗೊಡಲಿಲ್ಲ. ಹೀಗೆ ಪೆಟ್ಟು ತಿಂದವನು “ಆ ಬಾಯಿಯನ್ನೇ ಮುಚ್ಚಿಸಿ” ಎಂದರೆ ಅದು ಸಹಜ. ಆದರೆ ಸಹಜವಾದುದೆಲ್ಲ ವಿವೇಕವಾಗಬೇಕೆಂದಿಲ್ಲ.

ಮನವಿಯನ್ನು ಸಹಾಯಕ ಆಯುಕ್ತರಿಗೇ ಕೊಡುವುದೇಕೆ ಎಂದು ಕೆಲವರಿಗೆ ಅಚ್ಚರಿಯೆನಿಸಬಹುದು. ಅದಕ್ಕೆ ಕಾನೂನಿನ ಆಧಾರವಿದೆ. 1995ರ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆಯ 19ನೇ ಕಲಮು, ಸಾರ್ವಜನಿಕ ಹಿತದ ದೃಷ್ಟಿಯಿಂದ ಒಂದು ಕಾರ್ಯಕ್ರಮವನ್ನಾಗಲೀ ವಾಹಿನಿಯನ್ನಾಗಲೀ ಪ್ರಸಾರ ಮಾಡದಂತೆ ಕೇಬಲ್ ನಿರ್ವಾಹಕನಿಗೆ ಆಜ್ಞೆ ಮಾಡುವ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗೆ ಮಾತ್ರವಲ್ಲ, ಉಪವಿಭಾಗದ ದಂಡಾಧಿಕಾರಿಗೂ ಕೊಟ್ಟಿದೆ. ಅಂದರೆ ನಮ್ಮ ಮೂರೂ ತಾಲೂಕುಗಳ ಮಟ್ಟಿಗೆ ಕತ್ತರಿಯು ಶಿರಸಿಯ ಒಂದು ಮೇಜಿನ ಮೇಲೇ ಇದೆ. ಕಾರ್ಯಕ್ರಮ ಸಂಹಿತೆಗೆ ವಿರುದ್ಧವಾಗಿದ್ದರೆ ಅಥವಾ ಧರ್ಮ, ಭಾಷೆ, ಜಾತಿಗಳ ನಡುವೆ ದ್ವೇಷ ಬೆಳೆಸುವಂತಿದ್ದರೆ ಅದನ್ನು ಬಳಸಬಹುದು. ಆದರೆ ಯಾವುದು ದ್ವೇಷ, ಯಾವುದು ಸತ್ಯಕಥನ ಎಂದು ನಿರ್ಣಯಿಸುವವರು ಯಾರು? ಆ ಕುರ್ಚಿಯಲ್ಲಿ ಕುಳಿತ ಒಬ್ಬ ಅಧಿಕಾರಿ. ಅವರ ಕಚೇರಿಯ ಮುಂದೆ ಹೆಚ್ಚು ಜನ ಸೇರಿಸಬಲ್ಲವರು ಯಾರು? ನಾವಂತೂ ಅಲ್ಲ.

ಈ ಸರಳ ಲೆಕ್ಕ ನಮಗೆ ತಿಳಿಯದೇ ಹೋಗಿರುವುದೇ ನನ್ನ ಸಂಕಟ. ನಿಷೇಧದ ಬೇಡಿಕೆ ಯಾವಾಗಲೂ ಗುಂಪಿನ ಬಲದ ಮೇಲೆ ನಡೆಯುತ್ತದೆ, ನ್ಯಾಯದ ಬಲದ ಮೇಲಲ್ಲ. ಗುಂಪಿನ ಬಲದಲ್ಲಿ ಅಲ್ಪಸಂಖ್ಯಾತರು ಗೆದ್ದ ಉದಾಹರಣೆ ಇದೆಯೇ? ನಮ್ಮ ರಾಜ್ಯದ ಇತಿಹಾಸವನ್ನೇ ಒಮ್ಮೆ ತಿರುವಿ ನೋಡೋಣ.

1990ರಲ್ಲಿ ದೂರದರ್ಶನದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ಬಂದಿತು. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತಯಾರಿಸಿದ ಧಾರಾವಾಹಿಯದು. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು ಅರುವತ್ತಕ್ಕೂ ಹೆಚ್ಚು ಮಂದಿ ಸತ್ತ ದುರಂತವನ್ನು ಹಿರಿಯರು ಮರೆತಿರಲಾರರು. ಅಷ್ಟು ಜೀವಗಳನ್ನು ಕಳೆದುಕೊಂಡು ತೆರೆಗೆ ಬಂದ ಆ ಕಥೆಯನ್ನು ನಿಲ್ಲಿಸಬೇಕೆಂದು ಸಂಘಟನೆಗಳು ಬೊಬ್ಬೆಯಿಟ್ಟವು. ವಿವಾದ ನ್ಯಾಯಾಲಯಕ್ಕೂ ಹೋಯಿತು. ಅವರ ವಾದವೇನು? “ನಮ್ಮ ಭಾವನೆಗೆ ಧಕ್ಕೆಯಾಗಿದೆ.” ಕೊನೆಗೆ, ಇದು ಕಾದಂಬರಿಯೊಂದನ್ನು ಆಧರಿಸಿದ ಕಲ್ಪಿತ ಕಥೆ, ಟಿಪ್ಪುವಿನ ನಿಜ ಜೀವನಕ್ಕೂ ಆಳ್ವಿಕೆಗೂ ಸಂಬಂಧವಿಲ್ಲ ಎಂಬರ್ಥದ ಹೇಳಿಕೆಯನ್ನು ತೋರಿಸಿಯೇ ಅದನ್ನು ಪ್ರಸಾರ ಮಾಡಬೇಕಾಯಿತು. ಶ್ರೀರಂಗಪಟ್ಟಣದಲ್ಲಿ ಮಡಿದ ಒಬ್ಬ ಅರಸನನ್ನು ಆತನ ನಾಡಿನ ಜನರ ಎದುರೇ ಕಟ್ಟುಕಥೆಯೆಂದು ಸಾರಲಾಯಿತು. ಅಂದು ನಾವು ನೊಂದೆವು, ಸರಿಯೇ. ಇಂದು ಅದೇ ಮಾತನ್ನು ಅದೇ ಧಾಟಿಯಲ್ಲಿ ನಾವು ಆಡುತ್ತಿದ್ದೇವೆ.

1994ರ ಅಕ್ಟೋಬರ್ ಇನ್ನೂ ಕಹಿಯಾದುದು. ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಕೇವಲ ಹತ್ತು ನಿಮಿಷ! ಅದನ್ನು ನಿಲ್ಲಿಸಬೇಕೆಂಬ ಒತ್ತಡ ಬೀದಿಗಿಳಿಯಿತು. ಬೆಂಗಳೂರಿನಲ್ಲಿ ಹೊತ್ತಿದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಉರ್ದು ವಾರ್ತೆ ನಿಂತಿತು. ಕನ್ನಡಕ್ಕೆ ಅದರಿಂದ ಒಂದಕ್ಷರದ ಲಾಭವೂ ಆಗಲಿಲ್ಲ. ಕನ್ನಡದಲ್ಲಿಯೇ ಓದಿ ಬರೆಯುವ, ಈ ಪತ್ರಿಕೆಯನ್ನು ಕನ್ನಡದಲ್ಲಿಯೇ ತರಿಸಿಕೊಳ್ಳುವ ನಮ್ಮ ಮನೆಗಳಿಗೆ ಆ ವಾರ್ತೆ ಅಷ್ಟೇನೂ ಅಗತ್ಯವಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಪ್ರಶ್ನೆ ಅದಲ್ಲ. ಪರದೆಯ ಮೇಲೆ ಯಾವುದು ಬರಬೇಕು, ಯಾವುದು ಬರಬಾರದು ಎಂಬುದನ್ನು ಬೀದಿ ತೀರ್ಮಾನಿಸತೊಡಗಿದರೆ ರಕ್ತ ಯಾರದು ಹರಿಯುತ್ತದೆ ಎಂಬುದು ಪ್ರಶ್ನೆ.

ಒತ್ತಡದ ಗುಂಪುಗಳೆಲ್ಲ ಧರ್ಮದ ಹೆಸರಿನವೇ ಆಗಬೇಕೆಂದಿಲ್ಲ. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ಹೆಣ್ಣು ಭ್ರೂಣಹತ್ಯೆಯಂತಹ ಘೋರ ಪಾಪಗಳನ್ನು ದೇಶದ ಮುಂದಿಟ್ಟಿತು. ತಮಿಳರು, ತೆಲುಗರು, ಮಲೆಯಾಳಿಗಳು ಅದನ್ನು ತಮ್ಮ ಭಾಷೆಯಲ್ಲಿ ಟಿ.ವಿ.ಯಲ್ಲಿ ನೋಡಿದರು. ಡಬ್ಬಿಂಗ್ ವಿರೋಧಿಗಳ ಒತ್ತಡದಿಂದಾಗಿ ಕನ್ನಡದ ವಾಹಿನಿಗಳಲ್ಲಿ ಅದು ಕನ್ನಡದಲ್ಲಿ ಬರಲಿಲ್ಲ. ಆ ಒತ್ತಡ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ತೀರ್ಮಾನಿಸಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. ಆದರೆ ಹೋದ ಕಾಲ ಹಿಂದಿರುಗಿತೇ? ಹೆಣ್ಣು ಶಿಶುವಿನ ಹತ್ಯೆಯ ವಿರುದ್ಧದ ಮಾತನ್ನು ತನ್ನ ಭಾಷೆಯಲ್ಲಿ ಕೇಳುವ ಹಕ್ಕು ಸಿದ್ದಾಪುರದ ಒಬ್ಬ ತಾಯಿಗಿರಲಿಲ್ಲವೇ?

ನಮ್ಮವರೂ ಈ ತಪ್ಪಿನಿಂದ ಹೊರತಲ್ಲ. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ತೆಗೆದ ‘ತಮಸ್’ 1988ರಲ್ಲಿ ದೂರದರ್ಶನಕ್ಕೆ ಬಂದಾಗ ಹಿಂದುತ್ವವಾದಿಗಳು ಅದನ್ನು ವಿರೋಧಿಸಿದರು. ಅದೇ ಹೊತ್ತಿಗೆ ಪ್ರಸಾರಕ್ಕೆ ತಡೆ ಕೋರಿ ಮುಂಬಯಿ ಹೈಕೋರ್ಟಿಗೆ ಹೋದವರು ಒಬ್ಬ ಮುಸ್ಲಿಮ್ ವರ್ತಕರು! ದೇಶವಿಭಜನೆಯ ಕಾಲದಲ್ಲಿ ಗಲಭೆಗಳನ್ನು ಹೇಗೆ ಉದ್ದೇಶಪೂರ್ವಕವಾಗಿ ಹೊತ್ತಿಸಲಾಯಿತು ಎಂಬುದನ್ನು ತೋರಿಸುವ ಚಿತ್ರವದು. ಹೈಕೋರ್ಟಿನ ಇಬ್ಬರು ನ್ಯಾಯಾಧೀಶರು ಕುಳಿತು ಅದನ್ನು ಪೂರ್ತಿಯಾಗಿ ನೋಡಿ ಪ್ರಸಾರಕ್ಕೆ ಅನುಮತಿಯಿತ್ತರು. 1988ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಕೃತಿಯ ಪರಿಣಾಮವನ್ನು ವಿವೇಕವಂತ, ದೃಢಮನಸ್ಸಿನ, ಧೈರ್ಯವಂತ ಮನುಷ್ಯನ ಅಳತೆಗೋಲಿನಿಂದ ಅಳೆಯಬೇಕು, ಎಲ್ಲದರಲ್ಲಿಯೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸಿನ ಅಳತೆಗೋಲಿನಿಂದಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಗಮನಿಸಿ, ನಿಷೇಧ ಕೇಳಿದವರು ಸಂಯಮವಿಲ್ಲದೆ ಓಡಿದರು. ನ್ಯಾಯಾಧೀಶರು ಮೊದಲು ಕುಳಿತು ನೋಡಿದರು. ನಮ್ಮ ಮನವಿಪತ್ರಕ್ಕೆ ಸಹಿ ಹಾಕಿದವರಲ್ಲಿ ಎಷ್ಟು ಮಂದಿ ತಾವು ಆಕ್ಷೇಪಿಸುವ ಕಾರ್ಯಕ್ರಮವನ್ನು ಪೂರ್ತಿಯಾಗಿ ನೋಡಿದ್ದಾರೆ?

ಇನ್ನು ಇತ್ತೀಚಿನ ವಿಷಯಕ್ಕೆ ಬರೋಣ. ನೆರೆಯ ಕೇರಳದಲ್ಲಿ ನಮ್ಮವರು ಕಷ್ಟಪಟ್ಟು ಕಟ್ಟಿದ ‘ಮೀಡಿಯಾ ಒನ್’ ವಾಹಿನಿಯನ್ನು ನಮ್ಮ ಓದುಗರು ಬಲ್ಲರು. 2020ರ ಮಾರ್ಚ್ 6ರಂದು ಕೇಂದ್ರ ಸರಕಾರವು ಅದನ್ನೂ ಏಷ್ಯಾನೆಟ್ ನ್ಯೂಸ್ ವಾಹಿನಿಯನ್ನೂ 48 ತಾಸುಗಳ ಕಾಲ ನಿಷೇಧಿಸಿತು. ಮಾಡಿದ ಅಪರಾಧ? ದಿಲ್ಲಿಯ ಗಲಭೆಯನ್ನು ವರದಿ ಮಾಡಿದುದು. ಬಳಸಿದ ಅಸ್ತ್ರ ಯಾವುದು? ನಮ್ಮ ಮನವಿಪತ್ರವು ಉಲ್ಲೇಖಿಸುವ ಅದೇ ಕೇಬಲ್ ಕಾನೂನಿನ ಕಾರ್ಯಕ್ರಮ ಸಂಹಿತೆ. ದೇಶದಾದ್ಯಂತ ಟೀಕೆ ಬಂದುದರಿಂದ ಮರುದಿನವೇ ನಿಷೇಧ ಹಿಂದೆಗೆಯಲಾಯಿತು. 2022ರ ಜನವರಿ 31ರಂದು ಭದ್ರತೆಯ ಕಾರಣವೊಡ್ಡಿ ಆ ವಾಹಿನಿಯನ್ನು ಮತ್ತೆ ಮುಚ್ಚಿಸಲಾಯಿತು. ಕಾರಣವೇನೆಂದು ವಾಹಿನಿಯವರಿಗೂ ಹೇಳದೆ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಕೊಡಲಾಯಿತು. 2023ರ ಎಪ್ರಿಲ್ 5ರಂದು ಸುಪ್ರೀಮ್ ಕೋರ್ಟ್ ಆ ಆಜ್ಞೆಯನ್ನು ರದ್ದುಗೊಳಿಸಿ, ಸರಕಾರವನ್ನು ಟೀಕಿಸುವುದೇ ವ್ಯವಸ್ಥೆಯ ವಿರೋಧವಾಗದು, ರಾಷ್ಟ್ರಭದ್ರತೆಯ ಹೆಸರನ್ನು ಆಧಾರವಿಲ್ಲದೆ ಎತ್ತಕೂಡದು ಎಂದು ಸಾರಿತು. ಆ ದಿನ ನಾವು ಹರ್ಷಪಟ್ಟೆವು. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದೆವು. ಮೀಡಿಯಾ ಒನ್‌ಗೆ ಸ್ವಾತಂತ್ರ್ಯ ಬೇಕು, ನಮಗೆ ಹಿಡಿಸದ ವಾಹಿನಿಗೆ ಬೀಗ ಬೇಕು ಎಂದರೆ ನಮ್ಮ ಮಾತಿಗೆ ತೂಕವೆಲ್ಲಿ?

ಇಲ್ಲಿ ಒಂದು ಆಕ್ಷೇಪ ಬರುವುದು ನನಗೆ ಗೊತ್ತು. 2017ರ ಡಿಸೆಂಬರ್ ನೆನಪಿಲ್ಲವೇ ಎಂದು ಕೇಳುವವರಿದ್ದಾರೆ. ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿದ ಬಳಿಕ ಜಿಲ್ಲೆಯೇ ಹೊತ್ತಿ ಉರಿಯಿತು. ಡಿಸೆಂಬರ್ 11ರಂದು ಕುಮಟಾದಲ್ಲಿ, 12ರಂದು ಶಿರಸಿಯಲ್ಲಿ ಹಿಂಸೆ ನಡೆಯಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ವದಂತಿ ಮನೆಮನೆಗೆ ಹಬ್ಬಿತ್ತು. ನೆನಪಿದೆ, ಶಿರಸಿಯಲ್ಲಿದ್ದ ಯಾರಿಗೆ ಆ ದಿನ ಮರೆತೀತು? ಆದರೆ ಆ ವದಂತಿಯನ್ನು ಹೊತ್ತು ತಿರುಗಿದುದು ಮುಖ್ಯವಾಗಿ ಮೊಬೈಲು. ಅದಕ್ಕೆ ಉತ್ತರ ಕೊಟ್ಟದ್ದು ನಿಷೇಧವಲ್ಲ. ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರು ಬರೆದು ಕೊಟ್ಟ ಸ್ಪಷ್ಟೀಕರಣ. 2022ರಲ್ಲಿ ಸಿ.ಬಿ.ಐ.ಯೂ ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ವದಂತಿಗೆ ಸಿಕ್ಕ ಅಬ್ಬರದ ನೂರರಲ್ಲೊಂದು ಪಾಲೂ ಆ ವರದಿಗೆ ಸಿಗಲಿಲ್ಲ. ಆಗ ನಾವೇನು ಮಾಡಿದೆವು? “ಅಂದು ಅಷ್ಟು ತೋರಿಸಿದಿರಿ, ಇಂದು ಇದನ್ನೂ ತೋರಿಸಿ” ಎಂದು ಯಾವುದಾದರೂ ವಾಹಿನಿಗೆ ನಮ್ಮಲ್ಲೊಬ್ಬರು ಕಾಗದ ಬರೆದರೇ? ಸುಳ್ಳನ್ನು ಸೋಲಿಸುವುದು ಮೌನವಲ್ಲ, ಸತ್ಯದ ದನಿ. ಆ ದನಿಯನ್ನು ನಾವು ಎತ್ತಲೇ ಇಲ್ಲ.

ಹಾಗಾದರೆ ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಏನನ್ನು ಕಲಿಸುತ್ತದೆ? ಅನ್ನಿಸಾ ಅಧ್ಯಾಯದ 140ನೇ ಸೂಕ್ತವನ್ನು ಗಮನಿಸಿ. ಅಲ್ಲಾಹನ ವಚನಗಳನ್ನು ಜನರು ಅಪಹಾಸ್ಯ ಮಾಡುವುದು ಕಿವಿಗೆ ಬಿದ್ದರೆ, ಅವರು ಬೇರೆ ಮಾತಿಗೆ ತೊಡಗುವ ತನಕ ಅವರೊಂದಿಗೆ ಕುಳಿತುಕೊಳ್ಳಬಾರದೆಂಬುದು ಅದರ ಬೋಧನೆ. ಸತ್ಯವಿಶ್ವಾಸಿಗೆ ಅಲ್ಲಿ ವಹಿಸಲಾದ ಕೆಲಸವೇನು? ಎದ್ದುಹೋಗುವುದು. ಟಿ.ವಿ.ಯ ವಿಷಯದಲ್ಲಿ ಎದ್ದುಹೋಗುವುದು ಎಷ್ಟು ಸುಲಭ! ಕೈಯಲ್ಲಿರುವ ರಿಮೋಟಿನ ಒಂದು ಗುಂಡಿ ಸಾಕು. ಅಲ್-ಹುಜುರಾತ್ ಅಧ್ಯಾಯದ 6ನೇ ಸೂಕ್ತವು, ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದಾಗ ಅದನ್ನು ಪರಿಶೀಲಿಸಬೇಕೆಂದು ಕೇಳುವವನ ಮೇಲೆ ಹೊಣೆ ಹೊರಿಸುತ್ತದೆ. ಅನ್ನೂರ್ ಅಧ್ಯಾಯದ 30ನೇ ಸೂಕ್ತವು ದೃಷ್ಟಿಯನ್ನು ತಗ್ಗಿಸಬೇಕೆಂದು ಪುರುಷರಿಗೆ ಆದೇಶಿಸುತ್ತದೆ. ಪ್ರತಿಯೊಂದು ಕಡೆಯಲ್ಲೂ ಕಿವಿ ನಮ್ಮದು, ಕಣ್ಣು ನಮ್ಮದು, ಹೊಣೆಯೂ ನಮ್ಮದು. ಕುರೈಶರ ಕವಿಗಳು ಪ್ರವಾದಿ(ಸ)ರನ್ನು ನಿಂದಿಸಿ ಕವಿತೆ ಕಟ್ಟಿದಾಗ ಅವರು ಹಸ್ಸಾನ್ ಬಿನ್ ಸಾಬಿತ್(ರ)ರನ್ನು ಕರೆದು ಕವಿತೆಯಿಂದಲೇ ಉತ್ತರ ಕೊಡಿಸಿದರು. ಮಾತಿಗೆ ಮಾತು, ಕವಿತೆಗೆ ಕವಿತೆ. ನಮ್ಮ ಸಮುದಾಯದಲ್ಲಿ ಇಂದು ಹಸ್ಸಾನರು ಎಲ್ಲಿದ್ದಾರೆ? ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡದಲ್ಲಿ ವರದಿ ಬರೆಯಲು, ಕ್ಯಾಮೆರಾ ಹಿಡಿಯಲು ಕಲಿಯುತ್ತಿದ್ದಾರೆ?

ಮನವಿಪತ್ರದ ಎರಡನೆಯ ಬೇಡಿಕೆ ಧಾರಾವಾಹಿಗಳದ್ದು. ಆ ಹಾಳೆಯಲ್ಲಿದ್ದ ಸಹಿಗಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದೆ. ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಮನೆಯಲ್ಲಿ ಟಿ.ವಿ. ನೋಡುವವರಲ್ಲಿ ಹೆಚ್ಚಿನವರು ಅವರೇ ಎಂದು ದೂರುವ ನಾವು, ಅವರನ್ನು ಕೇಳುವ ಸೌಜನ್ಯವನ್ನಾದರೂ ತೋರಿದೆವೇ? ಸಂಜೆ ಚಹಾದಂಗಡಿಯಲ್ಲಿ ಕುಳಿತು ಲೋಕದ ಸುದ್ದಿಯನ್ನೆಲ್ಲ ಕೇಳುವ ಅವಕಾಶ ಗಂಡಸರಿಗಿದೆ. ಯಲ್ಲಾಪುರದ ಒಳಗಿನ ಹಳ್ಳಿಯೊಂದರಲ್ಲಿರುವ ತಾಯಿಗೆ ಹೊರಜಗತ್ತಿನ ಕಿಟಕಿ ಯಾವುದು? 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನ ಚಂದನದಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬರುತ್ತಿದ್ದವು. ಮೊಬೈಲ್ ಸಿಗ್ನಲ್ ಸಿಗದ ಘಟ್ಟದ ಮನೆಗಳಲ್ಲಿ ಮಕ್ಕಳು ಕಲಿತದ್ದು ಅದೇ ‘ಸೈತಾನನ ಪೆಟ್ಟಿಗೆ’ಯ ಮುಂದೆ ಕುಳಿತು. ಪೆಟ್ಟಿಗೆಯಲ್ಲಿ ದೋಷವಿಲ್ಲ, ಅದನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಮನೆಯವರೆಲ್ಲ ಕುಳಿತು ಮಾತಾಡದಿರುವುದರಲ್ಲಿದೆ. ಆ ಮಾತುಕತೆಯನ್ನು ನಡೆಸಲಾರದ ತಂದೆಯು ಆ ಕೆಲಸವನ್ನು ಸರಕಾರಕ್ಕೆ ಒಪ್ಪಿಸಲು ಹೊರಟಿದ್ದಾನೆ. ಅಂದಹಾಗೆ ಆ ಕಾಯ್ದೆಯಡಿ ಅಧಿಕಾರಿ ಆಜ್ಞೆ ಮಾಡುವುದು ಕೇಬಲ್ ನಿರ್ವಾಹಕನಿಗೆ. ನಮ್ಮ ಕಡೆ ತೋಟದ ನಡುವಿನ ಒಂಟಿ ಮನೆಗಳ ಮಾಡಿನ ಮೇಲಿರುವುದು ಡಿಶ್. ಮಕ್ಕಳ ಕೈಯಲ್ಲಿರುವುದು ಮೊಬೈಲ್. ಕತ್ತರಿ ಯಾವ ತಂತಿಯನ್ನು ಕತ್ತರಿಸೀತು?

ಹಾಗೆಂದು ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ದ್ವೇಷಭಾಷಣ ಅಪರಾಧ, ಅದರ ವಿರುದ್ಧ ದೂರು ಕೊಡುವುದು ನಾಗರಿಕನ ಹಕ್ಕು. ನಿಷೇಧ ಕೇಳುವುದಕ್ಕೂ ಜವಾಬು ಕೇಳುವುದಕ್ಕೂ ಅಂತರವಿದೆ. 2020ರ ಸೆಪ್ಟೆಂಬರ್ 15ರಂದು ಸುಪ್ರೀಮ್ ಕೋರ್ಟ್ ಸುದರ್ಶನ್ ಟಿ.ವಿ.ಯ ಒಂದು ಕಾರ್ಯಕ್ರಮದ ಉಳಿದ ಕಂತುಗಳಿಗೆ ತಡೆಯೊಡ್ಡಿತು. ಅದು ನಿರ್ದಿಷ್ಟ ಕಾರ್ಯಕ್ರಮವನ್ನು ಪರಿಶೀಲಿಸಿ, ಎರಡೂ ಕಡೆಯ ವಾದ ಕೇಳಿ ನ್ಯಾಯಾಲಯ ಕೈಗೊಂಡ ಕ್ರಮವೇ ಹೊರತು, ಗುಂಪಿಗೆ ಹೆದರಿ ಅಧಿಕಾರಿಯೊಬ್ಬರು ಹೊರಡಿಸಿದ ಆಜ್ಞೆಯಲ್ಲ.

ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದಲ್ಲಿಯೇ ಇದೆ. ತಬ್ಲೀಗ್ ಪ್ರಕರಣದ ಪ್ರಸಾರಗಳನ್ನು ಬೆಂಗಳೂರಿನ ‘ಕ್ಯಾಂಪೇನ್ ಅಗೆನ್ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ತಾಳ್ಮೆಯಿಂದ ದಾಖಲಿಸಿ, ವಾಹಿನಿಗಳೇ ರಚಿಸಿಕೊಂಡಿದ್ದ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರಕ್ಕೆ ದೂರಿತು. ಬೀದಿಯಲ್ಲಿ ಘೋಷಣೆ ಕೂಗಲಿಲ್ಲ, ಯಾರ ಬಾಗಿಲಿಗೂ ಬೀಗ ಜಡಿಯಲು ಕೇಳಲಿಲ್ಲ. 2021ರ ಜೂನ್‌ನಲ್ಲಿ ಪ್ರಾಧಿಕಾರವು ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ನ್ಯೂಸ್18 ಕನ್ನಡವು ಪರದೆಯ ಮೇಲೆಯೇ ಕ್ಷಮೆ ಕೋರಬೇಕೆಂದು ಆದೇಶಿಸಿತು. ದಂಡದ ಮೊತ್ತ ಆ ಸಂಸ್ಥೆಗಳಿಗೆ ಏನೂ ಅಲ್ಲ. ಒಂದು ವರ್ಷ ತಡವೂ ಆಯಿತು. ಆದರೂ ತಪ್ಪು ಮಾಡಿದವರು ತಪ್ಪೆಂದು ಒಪ್ಪಬೇಕಾಗಿ ಬಂದುದು ಸಣ್ಣ ಮಾತಲ್ಲ. ವಾಹಿನಿಯನ್ನು ಮುಚ್ಚಿಸಿದ್ದರೆ ಅದು ಹುತಾತ್ಮನ ವೇಷ ತೊಡುತ್ತಿತ್ತು. ಜವಾಬು ಕೇಳಿದುದರಿಂದ ತಲೆತಗ್ಗಿಸಿತು.

ಈಗ ದಾರಿ ಇನ್ನಷ್ಟು ಸ್ಪಷ್ಟವಾಗಿದೆ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ನಿಯಮಗಳ ಪ್ರಕಾರ, ವೀಕ್ಷಕನು ಮೊದಲು ವಾಹಿನಿಗೇ ಬರೆಯಬೇಕು. ವಾಹಿನಿಯು 24 ತಾಸುಗಳಲ್ಲಿ ಸ್ವೀಕೃತಿ ಕೊಟ್ಟು 15 ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಸ್ವಯಂನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಅದು 60 ದಿನಗಳಲ್ಲಿ ತೀರ್ಪು ಕೊಡಬೇಕು. ದೂರಿನಲ್ಲಿ ವಾಹಿನಿಯ ಹೆಸರು, ದಿನಾಂಕ, ಹೊತ್ತು, ಆಡಿದ ಮಾತು ನಿಖರವಾಗಿರಲಿ. ಕೋಪ ಕಡಿಮೆಯಿರಲಿ, ವಿವರ ಹೆಚ್ಚಿರಲಿ. ನಮ್ಮ ಮೂರು ತಾಲೂಕುಗಳಲ್ಲಿ ಓದಿದ ಯುವಕ ಯುವತಿಯರಿಗೆ ಕೊರತೆಯಿಲ್ಲ. ಪ್ರತಿಯೊಂದು ಜಮಾಅತಿನಲ್ಲಿ ಇಂತಹ ನಾಲ್ಕು ಮಂದಿ, ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳು, ತಿಂಗಳಿಗೊಂದು ದೂರನ್ನು ಸರಿಯಾಗಿ ಬರೆದರೆ, ಆ ಒಂದು ದೂರು ಸಾವಿರ ಸಹಿಗಳಿಗಿಂತ ದೂರ ಹೋಗುತ್ತದೆ. ಕಾರ್ಯಕ್ರಮ ಒಳ್ಳೆಯದಾಗಿದ್ದರೆ ಮೆಚ್ಚಿ ಬರೆಯುವ ಔದಾರ್ಯವೂ ನಮಗಿರಲಿ.

ಆ ಹಿರಿಯರನ್ನು ಮುಂದಿನ ಜುಮಾದಂದು ಮತ್ತೆ ಕಾಣುವೆ. ಅವರ ಕೈಯಲ್ಲಿ ಮನವಿಪತ್ರವಿದ್ದರೆ ನಾನು ಕೇಳಲಿರುವುದು ಒಂದೇ ಮಾತು: ಚಾಚಾ, ನೀವು ಇಂದು ಕೇಳುತ್ತಿರುವ ಆಜ್ಞೆಗೆ ಶಿರಸಿಯ ಆ ಮೇಜಿನ ಮೇಲೆ ಸಹಿ ಬಿದ್ದಿತೆಂದೇ ತಿಳಿಯೋಣ. ನಾಳೆ ಅದೇ ಮೇಜಿನ ಮುಂದೆ ನಮಗಿಂತ ಹತ್ತು ಪಟ್ಟು ಜನ ನಿಂತು, ರಮಝಾನಿನ ಕಾರ್ಯಕ್ರಮ ಬೇಡ, ಉರ್ದು ವಾರ್ತೆ ಬೇಡ, ಟಿಪ್ಪುವಿನ ಕಥೆ ಬೇಡ ಎಂದರೆ, ಯಾವ ಬಾಯಿಯಿಂದ ನಾವು ಬೇಡವೆನ್ನೋಣ? ಅವರು ಸಿಟ್ಟಾಗಲಾರರು, ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಸಹಿಗಾಗಿ ಅಲೆದ ಕಾಲುಗಳವು, ದಣಿಯುವ ಕಾಲುಗಳಲ್ಲ. ಮೊದಲ ದೂರಿನ ಕರಡನ್ನು ಅವರ ಮನೆಯಲ್ಲಿಯೇ ಕುಳಿತು ಬರೆಯೋಣ ಎಂದುಕೊಂಡಿದ್ದೇನೆ. ಅವರ ಮೊಮ್ಮಗಳು ಕನ್ನಡವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಾಳೆ.